ಹಳೆಯ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು ಡಬ್ಬಿ ತೆರೆದು ಪವರ್ ಸಪ್ಲೈ ನೋಡಿ

ನಿಮ್ಮ ಕಂಪ್ಯೂಟರಿನಲ್ಲಿ ಐ5 3470 ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್, ಹಾರ್ಡ್ ಡಿಸ್ಕ್, ಕೈಯಲ್ಲಿ 15,000 ರೂಪಾಯಿ. ಆಟ ಆಡಲು ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರ ರಚಿಸುವ ಬಿಡಿಭಾಗ) ಬೇಕು, ಜಿಟಿಎಕ್ಸ್ 1650 ತೆಗೆದುಕೊಳ್ಳಲೋ ಆರ್‌ಎಕ್ಸ್ 6500 ಎಕ್ಸ್‌ಟಿ ತೆಗೆದುಕೊಳ್ಳಲೋ, ರ‍್ಯಾಮ್ 16 ಜಿಬಿ ಸಾಕೋ 32 ಬೇಕೋ ಎಂದು ಕೇಳಿದ್ದೀರಿ. 2019ರಲ್ಲಿ ನಾನು ಹೆಚ್ಚುಕಡಿಮೆ ಇದೇ ಪ್ರಶ್ನೆ ಹೊತ್ತು ತಿರುಗುತ್ತಿದ್ದೆ.

ಆಗ ದಾವಣಗೆರೆಯಲ್ಲಿ ಓದುತ್ತಿದ್ದೆ. ಅಪ್ಪ ನಮ್ಮೂರಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಲೆಕ್ಕ ಬರೆಯಲೆಂದು, ಯಾವುದೋ ಕಚೇರಿ ಬಳಸಿ ಬಿಟ್ಟಿದ್ದ ಕಂಪ್ಯೂಟರೊಂದನ್ನು ಮನೆಗೆ ತಂದಿದ್ದರು. ಪ್ರೊಸೆಸರ್ ನಿಮ್ಮದೇ, ರ‍್ಯಾಮ್ ಮಾತ್ರ 4 ಜಿಬಿ. ರಜೆಗೆ ಊರಿಗೆ ಹೋದಾಗ ರಾತ್ರಿ ಅದು ನನ್ನದು. ಜಿಟಿಎ 5 ಆಡುವಾಗ, ಎಲ್ಲವನ್ನೂ ಕನಿಷ್ಠಕ್ಕೆ ಇಳಿಸಿದರೂ, ಕಾರು ತಿರುವಿಗೆ ಬಂದಾಗಲೆಲ್ಲ ಚಿತ್ರ ಒಂದು ಕ್ಷಣ ನಿಂತು ಮುಗ್ಗರಿಸುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಇಲ್ಲದಿರುವುದೇ ಕಾರಣ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಮನೆಪಾಠ ಹೇಳಿ ಕೂಡಿಸಿದ್ದ 9,500 ರೂಪಾಯಿ ಹಿಡಿದು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದೆ. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ಬಳಸಿದ ಜಿಟಿಎಕ್ಸ್ 1060 ತಂದೆ. ಕಂಪ್ಯೂಟರಿನ ಡಬ್ಬಿಯೊಳಗೆ ಕಾರ್ಡ್ ಹಿಡಿಸುತ್ತದೆಯೇ ಎಂದು ಟೇಪಿನಿಂದ ಅಳತೆ ಕೂಡ ಮಾಡಿಕೊಂಡು ಹೋಗಿದ್ದೆ. ಅದಕ್ಕೆ ವಿದ್ಯುತ್ ಎಲ್ಲಿಂದ ಬರಬೇಕು ಎಂಬುದನ್ನು ಮಾತ್ರ ನೋಡಿರಲಿಲ್ಲ.

ಆ ಕಾರ್ಡಿಗೆ ಆರು ಪಿನ್ನಿನ ಪ್ರತ್ಯೇಕ ತಂತಿ ಬೇಕು. ಕಂಪ್ಯೂಟರಿನ ಭಾಗಗಳಿಗೆಲ್ಲ ವಿದ್ಯುತ್ ಹಂಚುವ ಪೆಟ್ಟಿಗೆಯಾದ ನಮ್ಮ 275 ವಾಟಿನ ಪವರ್ ಸಪ್ಲೈಯಲ್ಲಿ ಅಂಥ ತಂತಿಯೇ ಇರಲಿಲ್ಲ. ಅಲ್ಲಿಗೆ ನಿಲ್ಲಬೇಕಿತ್ತು. ನಾನು 150 ರೂಪಾಯಿ ಕೊಟ್ಟು, ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ತಂತಿಯನ್ನು ಆರು ಪಿನ್ನಿಗೆ ಬದಲಿಸುವ ಅಡಾಪ್ಟರ್ ತಂದು ಚುಚ್ಚಿದೆ. ಕಾರ್ಡ್ ಚಾಲೂ ಆಯಿತು, ಆಟ ಓಡಿತು, ಎಲ್ಲ ಸರಿಯಾಯಿತು ಎಂದುಕೊಂಡೆ.

ಈ ಲೆಕ್ಕವನ್ನು ದಯವಿಟ್ಟು ನಿಧಾನವಾಗಿ ಓದಿ. ಮದರ್‌ಬೋರ್ಡಿನ ಸ್ಲಾಟ್, ಅಂದರೆ ಕಾರ್ಡ್ ಕೂರುವ ಸೀಳು, ಒಂದು ಕಾರ್ಡಿಗೆ ಹೆಚ್ಚೆಂದರೆ 75 ವಾಟ್ ಕೊಡುತ್ತದೆ. ಜಿಟಿಎಕ್ಸ್ 1060ಕ್ಕೆ ಬೇಕಾದದ್ದು 120. ಉಳಿದದ್ದು ಆರು ಪಿನ್ನಿನ ದಾರಿಯಲ್ಲಿ ಬರಬೇಕು; ಆ ಕನೆಕ್ಟರಿಗೆ ನಿಗದಿಯಾದ ಮಿತಿಯೂ 75 ವಾಟ್. ಆದರೆ ಸಾಟಾ ಪ್ಲಗ್ಗಿನಲ್ಲಿ 12 ವೋಲ್ಟ್ ಹರಿಯುವುದು ಮೂರು ಸಣ್ಣ ಪಿನ್ನುಗಳಲ್ಲಿ, ಒಂದೊಂದಕ್ಕೆ ಒಂದೂವರೆ ಆಂಪಿಯರ್. ಒಟ್ಟು ನಾಲ್ಕೂವರೆ ಆಂಪಿಯರ್, ಅಂದರೆ 54 ವಾಟ್. ಹಾರ್ಡ್ ಡಿಸ್ಕಿಗೆ ಅದು ಧಾರಾಳ; ಕಾರ್ಡಿನ ಉಳಿದ 45 ವಾಟಿಗೂ ಕಾಗದದ ಮೇಲೆ ಸಾಕು. ಆದರೆ ಕಾರ್ಡ್ ಏಕಾಏಕಿ ಹೆಚ್ಚು ಎಳೆಯುವ ಗಳಿಗೆಯಲ್ಲಿ ಅದೇ ಪಿನ್ನುಗಳು ಬಿಸಿಯಾಗುತ್ತವೆ, ಸುತ್ತಲಿನ ಪ್ಲಾಸ್ಟಿಕ್ ಮೆದುವಾಗುತ್ತದೆ, ಹಿಡಿತ ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನಷ್ಟು ಬಿಸಿಯಾಗುತ್ತದೆ. ಒಂದೇ ದಿನದಲ್ಲಿ ಆಗುವುದಿಲ್ಲ. ಅದಕ್ಕೇ ಮೋಸ ಹೋಗುತ್ತೇವೆ.

ಒಂಬತ್ತನೆಯ ರಾತ್ರಿ ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ಓಡಿ ಪ್ಲಗ್ ಕಿತ್ತೆ. ತೆರೆದು ನೋಡಿದರೆ ತಂತಿಗಳ ಹೊದಿಕೆ ಕರಗಿ, 12 ವೋಲ್ಟಿನ ಹಳದಿ ತಂತಿ 5 ವೋಲ್ಟಿನ ಕೆಂಪು ತಂತಿಗೆ ಅಂಟಿಕೊಂಡಿತ್ತು. ಅದೇ ಸಾಲಿನ ತುದಿಯಲ್ಲಿ ಹಾರ್ಡ್ ಡಿಸ್ಕ್ ಇತ್ತು. ಕಾರ್ಡಿಗೆ ಏನೂ ಆಗಲಿಲ್ಲ. ಹಾರ್ಡ್ ಡಿಸ್ಕ್ ಸತ್ತಿತು. ಅದರಲ್ಲಿ ಸಂಘದ ಎರಡು ವರ್ಷಗಳ ಲೆಕ್ಕವಿತ್ತು.

ಅಪ್ಪ ಬೈಯಲಿಲ್ಲ. ರಟ್ಟಿನ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದರು. ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್ ಎಂದು ಅವರು ಓದುತ್ತಾ ಹೋದರು, ನಾನು ಗೆಳೆಯನ ಲ್ಯಾಪ್‌ಟಾಪಿನಲ್ಲಿ ಹೊಡೆಯುತ್ತಾ ಹೋದೆ. ಹನ್ನೊಂದು ರಾತ್ರಿ ಹಿಡಿಯಿತು. ಬೆಳಗಿನ ಐದಕ್ಕೆ ಹಾಲು ಅಳೆಯಲು ಅವರು ಏಳಲೇಬೇಕಿತ್ತು.

ಹೊಸ ಪವರ್ ಸಪ್ಲೈ, ಹೊಸ ಹಾರ್ಡ್ ಡಿಸ್ಕ್ ಹಾಕಿ, ಕಾರ್ಡನ್ನು ಸರಿಯಾದ ತಂತಿಯಲ್ಲಿ ಜೋಡಿಸಿದ ಮೇಲೂ ಆಟ ಅದೇ ತಿರುವಿನಲ್ಲಿ ಮುಗ್ಗರಿಸಿತು. ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ರ‍್ಯಾಮ್ ಪೂರ್ತಿ ತುಂಬಿತ್ತು, ಡಿಸ್ಕ್ 100 ಪ್ರತಿಶತ ತೋರಿಸುತ್ತಿತ್ತು. ಸೆಕೆಂಡಿಗೆ 60 ಚಿತ್ರ ಬರಬೇಕಾದರೆ ಒಂದೊಂದು ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ರ‍್ಯಾಮಿನಲ್ಲಿ ಜಾಗ ಸಾಲದೆ ಡಿಸ್ಕಿನಿಂದ ತರಬೇಕಾಗಿ ಬಂದರೆ, ಹಾರ್ಡ್ ಡಿಸ್ಕಿನ ಮುಳ್ಳು ಒಂದು ಸಲ ಜಾಗ ಬದಲಿಸುವುದಕ್ಕೇ ಹತ್ತು ಮಿಲಿಸೆಕೆಂಡಿನಷ್ಟು ಹೋಗುತ್ತದೆ. ಅಂಥ ಹತ್ತಾರು ಸಲ ಸೇರಿದರೆ ಕಣ್ಣಿಗೆ ಕಾಣುವ ಆ ಜರ್ಕು. ಹಳೆಯ 4 ಜಿಬಿ ರ‍್ಯಾಮ್ ಇನ್ನೊಂದನ್ನು 900 ರೂಪಾಯಿಗೆ ತಂದು ಹಾಕಿದೆ, ಆಟ ನುಣುಪಾಯಿತು.

ಹಾಗಾಗಿ ಯಾವ ಕಾರ್ಡ್ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ಇನ್ನೊಂದು 8 ಜಿಬಿ ಡಿಡಿಆರ್3 (ನಿಮ್ಮ ಬೋರ್ಡಿಗೆ ಹೊಂದುವ ತಲೆಮಾರಿನ ರ‍್ಯಾಮ್) ಹಾಕಿ. ಒಂದೇ ರ‍್ಯಾಮ್ ಇರುವಾಗ ಮಾಹಿತಿ ಓಡಾಡಲು ಒಂದೇ ದಾರಿ (ಚಾನೆಲ್), ಸೆಕೆಂಡಿಗೆ 12.8 ಜಿಬಿ, ಬೋರ್ಡಿನಲ್ಲಿ ಸರಿಯಾದ ಸ್ಲಾಟಿಗೆ ಎರಡನೆಯದು ಸೇರಿದರೆ 25.6. 32 ಜಿಬಿಯ ಆಸೆ ಬಿಡಿ, ಆ ಪ್ರೊಸೆಸರಿಗೆ ಅದು ದಂಡ. ಡಿಡಿಆರ್4 ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಅದರ ಕಚ್ಚೇ ಬೇರೆ, ಕೂರುವುದಿಲ್ಲ. ಆಟವನ್ನು ಮುಳ್ಳಿಲ್ಲದ ವೇಗದ ಡಿಸ್ಕಾದ ಎಸ್‌ಎಸ್‌ಡಿಗೆ ಹಾಕಿ. ಆಮೇಲೆ ಆಟದ ರೆಸಲ್ಯೂಷನ್ನನ್ನು (ಚಿತ್ರದ ಸೂಕ್ಷ್ಮತೆಯನ್ನು) 720ಕ್ಕೆ ಇಳಿಸಿ ನೋಡಿ. ಚಿತ್ರ ರಚಿಸುವ ಕೆಲಸ ಕಡಿಮೆಯಾಗಿ ವೇಗ ಏರಿದರೆ ಮಾತ್ರ ಕಾರ್ಡ್ ಕೊಳ್ಳಿ. ಏರದಿದ್ದರೆ ತಡೆ ಇರುವುದು ಪ್ರೊಸೆಸರಿನಲ್ಲಿ. ಯಾವ ಕಾರ್ಡೂ ಅದನ್ನು ನೀಗಿಸುವುದಿಲ್ಲ.

6500 ಎಕ್ಸ್‌ಟಿ ಬೇಡವೇ ಬೇಡ. ಅದು ಸ್ಲಾಟಿನ ನಾಲ್ಕೇ ಲೇನ್ (ಮಾಹಿತಿ ಸಾಗುವ ಓಣಿ) ಬಳಸುವ ಕಾರ್ಡ್, ಹಳೆಯ ಬೋರ್ಡಿನಲ್ಲಿ ಇನ್ನಷ್ಟು ಸೊರಗುತ್ತದೆ, ಮೇಲೆ 107 ವಾಟ್ ಬೇಡುತ್ತದೆ. 1650 ಆಗಬಹುದು, ಅದು 75 ವಾಟಿನದು. ಆದರೆ ಅದರಲ್ಲೂ ಆರು ಪಿನ್ ಕೇಳುವ ಮಾದರಿಗಳಿವೆ. ಅಂಗಡಿಯಲ್ಲೇ ಕಾರ್ಡಿನ ಅಂಚು ತಿರುಗಿಸಿ ನೋಡಿ.

ನಿಮ್ಮದೂ ಕಚೇರಿಯಿಂದ ಬಂದ ಕಂಪ್ಯೂಟರಾದರೆ ಪವರ್ ಸಪ್ಲೈ ಬದಲಿಸುವುದೂ ಸುಲಭವಲ್ಲ. ಅಂಥ ಎಷ್ಟೋ ಬೋರ್ಡುಗಳು ಸಾಮಾನ್ಯ 24 ಪಿನ್ನಿನ ತಂತಿಯನ್ನು ತೆಗೆದುಕೊಳ್ಳುವುದಿಲ್ಲ. ಪಕ್ಕದ ತಗಡು ಬಿಚ್ಚಿ, ಪವರ್ ಸಪ್ಲೈಯ ಚೀಟಿಯ ಫೋಟೋ ಇಲ್ಲಿ ಹಾಕಿ. 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಅದನ್ನು ನೋಡಿ ಮುಂದಿನದನ್ನು ಹೇಳುತ್ತೇನೆ. ಅಲ್ಲಿಯವರೆಗೆ ಕಾರ್ಡಿಗೆ ದುಡ್ಡು ಕೊಡಬೇಡಿ. ಹಾರ್ಡ್ ಡಿಸ್ಕಿನಲ್ಲಿ ಮನೆಯವರದ್ದು ಏನಾದರೂ ಇದ್ದರೆ ಇವತ್ತೇ ಪೆನ್ ಡ್ರೈವಿಗೆ ಹಾಕಿಡಿ.