ವಿಷಯವೇ ಹೊಳೆಯುತ್ತಿಲ್ಲ ಎಂದು ಬಂದ ವಿದ್ಯಾರ್ಥಿನಿ

ಇವರು ಸ್ನಾತಕೋತ್ತರ ವಿದ್ಯಾರ್ಥಿನಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಪ್ರಬಂಧದ ವಿಷಯ ಒಪ್ಪಿಸುವ ಗಡುವು ಹತ್ತಿರವಾದಂತೆ ಮಾರ್ಗದರ್ಶಕರ ಕಣ್ಣಿಗೆ ಬೀಳುವುದನ್ನೇ ತಪ್ಪಿಸುತ್ತಿದ್ದರು. "ಸಂಶೋಧನೆ ಮಾಡುವ ಬುದ್ಧಿ ನನಗಿಲ್ಲ ಮೇಡಂ" ಎಂದರು.

ನೋಟ್‌ಪುಸ್ತಕ ತೋರಿಸಲು ಹೇಳಿದೆ. 'ಮೊಬೈಲ್ ಮತ್ತು ಯುವಜನರು', 'ಮೊಬೈಲ್ ಮತ್ತು ಮಾನಸಿಕ ಆರೋಗ್ಯ' ಎಂದು ಬರೆದು ಹೊಡೆದುಹಾಕಿದ್ದರು. ಬುದ್ಧಿಯ ಕೊರತೆ ನನಗೇನೂ ಕಾಣಲಿಲ್ಲ. ಇಡೀ ಕ್ಷೇತ್ರವನ್ನೇ ತಲೆಯ ಮೇಲೆ ಹೊತ್ತುಕೊಂಡರೆ ಯಾರಿಗೇ ಆದರೂ ಕೈಕಾಲು ಆಡುವುದಿಲ್ಲ.

"ಇದರಲ್ಲಿ ನಿಮಗೆ ನಿಜಕ್ಕೂ ತಿಳಿಯಬೇಕು ಅನ್ನಿಸಿರುವುದು ಯಾವುದು?" ಎಂದು ಕೇಳಿದೆ. ಮಲಗುವ ಮುನ್ನ ಪರದೆ ನೋಡಿದರೆ ನಿದ್ದೆ ಕೆಡುತ್ತದೆ ಎನ್ನುತ್ತಾರಲ್ಲ, ಅದು ಎಷ್ಟು ನಿಜ ಎಂದರು. ಅವರ ಬಳಿ ಇದ್ದದ್ದು ಒಂದು ಸುದ್ದಿಬರಹ ಮಾತ್ರ. ಅದರಲ್ಲಿ ಉಲ್ಲೇಖಿಸಿದ್ದ ಮೂಲ ಲೇಖನವನ್ನೇ ತೆಗೆಸಿದೆ. ಪಿಎನ್‌ಎಎಸ್ ಎಂಬ ಅಮೆರಿಕದ ವಿಜ್ಞಾನ ನಿಯತಕಾಲಿಕದ 2015ರ ಅಧ್ಯಯನ ಅದು. ಅಧ್ಯಯನ ವಿಧಾನದ ಭಾಗವನ್ನು ಇಬ್ಬರೂ ಕುಳಿತು ಓದಿದೆವು. ಭಾಗವಹಿಸಿದ್ದವರು 12 ಮಂದಿ. ಬಳಸಿದ್ದು ಮೊಬೈಲ್ ಅಲ್ಲ, ಪುಸ್ತಕ ಓದಲು ಬಳಸುವ, ಬೆಳಕು ಸೂಸುವ ಇ-ರೀಡರ್. ಮಲಗುವ ಮುನ್ನ ಸುಮಾರು 4 ಗಂಟೆ ಓದಿಸಿದ್ದರು. ಮುದ್ರಿತ ಪುಸ್ತಕ ಓದಿದಾಗ ಹಿಡಿದದ್ದಕ್ಕಿಂತ ನಿದ್ದೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಬೇಕಾಗಿತ್ತು.

"ಹಾಗಾದರೆ ಅರ್ಧ ಗಂಟೆ ಮೊಬೈಲ್ ನೋಡುವವರಿಗೆ ಏನಾಗುತ್ತದೆ?" ಎಂದು ಅವರೇ ಕೇಳಿದರು.

ಬರೆದಿಟ್ಟುಕೊಳ್ಳಿ ಎಂದೆ. ವಿಷಯ ಹುಟ್ಟುವುದು ಹೀಗೆ, ಓದುತ್ತ ಓದುತ್ತಲೇ. ವಿಷಯ ಗಟ್ಟಿಯಾದ ಮೇಲೆ ಓದೋಣ ಎಂದು ಕಾಯುವವರೇ ಹೆಚ್ಚು ನರಳುತ್ತಾರೆ. ಇದನ್ನು ನೋಡಿ ನನಗೆ ಸಂಕಟವಾಗುತ್ತದೆ.

ಮುಂದಿನ ಕೆಲಸಕ್ಕೆ ಅದೇ ಲೇಖನವನ್ನು ಹಿಡಿದುಕೊಳ್ಳಲು ಹೇಳಿದೆ. ಅದರ ಪರಾಮರ್ಶನ ಪಟ್ಟಿಯಿಂದ ಹಳೆಯ ಅಧ್ಯಯನಗಳು ಸಿಗುತ್ತವೆ. ಅದನ್ನು ಉಲ್ಲೇಖಿಸಿರುವ ಹೊಸ ಲೇಖನಗಳನ್ನು ಸಂಶೋಧನಾ ಲೇಖನ ಹುಡುಕುವ ತಾಣವಾದ ಗೂಗಲ್ ಸ್ಕಾಲರ್ ತೋರಿಸುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವಿಮರ್ಶಾ ಲೇಖನ ಸಿಕ್ಕರೆ ಮೊದಲು ಅದನ್ನೇ ಓದಬೇಕು. ಹಣ ಕೇಳುವ ಲೇಖನವಿದ್ದರೆ ಗ್ರಂಥಪಾಲಕರನ್ನು ವಿಚಾರಿಸಿ, ಲೇಖಕರಿಗೇ ಇಮೇಲ್ ಬರೆದರೂ ಅನೇಕರು ಕಳುಹಿಸುತ್ತಾರೆ ಎಂದೆ. ಒಂದು ಮಾತನ್ನು ಮಾತ್ರ ಒತ್ತಿ ಹೇಳಿದೆ: ಚಾಟ್‌ಬಾಟ್ ಕೊಟ್ಟ ಉಲ್ಲೇಖವನ್ನು ಮೂಲ ನೋಡದೆ ಬಳಸಲೇಬೇಡಿ. ಇಲ್ಲದ ಲೇಖನಕ್ಕೂ ಅದು ಲೇಖಕರ ಹೆಸರು, ವರ್ಷ ಎಲ್ಲವನ್ನೂ ಕೊಟ್ಟುಬಿಡುತ್ತದೆ.

ಅರೆಬರೆ ಪ್ರಶ್ನೆಯೊಂದಿಗೇ ಮಾರ್ಗದರ್ಶಕರ ಬಳಿ ಹೋಗಲು ಒಪ್ಪಿಸುವುದಕ್ಕೆ ಹೆಚ್ಚು ಹೊತ್ತು ಬೇಕಾಯಿತು. ಕೊನೆಗೆ ಹೋದರು. ನಿದ್ದೆಯನ್ನು ಅಳೆಯುವುದು ಹೇಗೆ, ದಿನಚರಿ ಬರೆಸುತ್ತೀರೋ ಪ್ರಶ್ನಾವಳಿ ಕೊಡುತ್ತೀರೋ ಎಂದು ಮಾರ್ಗದರ್ಶಕರು ಕೇಳಿದರಂತೆ. ಈಗ ಆ ಬಗ್ಗೆ ಓದುತ್ತಿದ್ದಾರೆ.