ಮನೆಯಲ್ಲಿ ಹಿಂಸೆ ನಡೆಯುತ್ತಿದೆ ಅಂತ ಆಸ್ಪತ್ರೆಯವರಿಗೆ ಹೇಗೆ ಗೊತ್ತಾಗುತ್ತದೆ? ಗೊತ್ತಾದರೆ ಏನು ಮಾಡಬೇಕು?

"ಗಂಡ ಹೊಡೆದ" ಅಂತ ಬಾಯಿಬಿಟ್ಟು ಹೇಳುವವರು ಕಡಿಮೆ. "ಬಚ್ಚಲಲ್ಲಿ ಜಾರಿ ಬಿದ್ದೆ" ಅನ್ನುತ್ತಾರೆ. ಆದರೆ ಹೇಳುವ ಕಾರಣಕ್ಕೂ ಗಾಯಕ್ಕೂ ತಾಳೆಯಾಗುವುದಿಲ್ಲ. ಹೊಸ ಗಾಯದ ಪಕ್ಕದಲ್ಲೇ ಹಳೆಯ ಕಲೆ ಇರುತ್ತದೆ. ಬಸುರಿಯ ಹೊಟ್ಟೆಗೆ ಪೆಟ್ಟು, ವಿಷ ಕುಡಿದ ಪ್ರಕರಣ, ಕಾರಣ ಸಿಗದ ತಲೆನೋವು ಕೂಡ ಸುಳಿವುಗಳೇ. ಡಾಕ್ಟರ್ ಏನು ಕೇಳಿದರೂ ಜೊತೆಗೆ ಬಂದವರೇ ಉತ್ತರ ಕೊಡುತ್ತಿದ್ದರೆ ಇನ್ನಷ್ಟು ಎಚ್ಚರ ಬೇಕು.

ಆಗ ಆಕೆಯನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸಬೇಕು. ಗಂಡ, ಅತ್ತೆಯ ಎದುರು ಕೇಳಲೇಬಾರದು. ಮನೆಗೆ ಹೋದ ಮೇಲೆ ಏಟು ಜಾಸ್ತಿಯಾಗಬಹುದು, ಅಲ್ವಾ? "ಮನೆಯಲ್ಲಿ ಯಾರಾದರೂ ಹೊಡೀತಾರಾ ಅಮ್ಮ?" ಅಂತ ಮೆತ್ತಗೆ ಕೇಳಿದರೆ ಸಾಕು. "ಇಷ್ಟು ದಿನ ಯಾಕೆ ಸುಮ್ನಿದ್ರಿ?" ಅನ್ನುವ ಮಾತು ಮಾತ್ರ ಬೇಡ. ಅದು ತಪ್ಪನ್ನು ಆಕೆಯ ತಲೆಗೇ ಕಟ್ಟುತ್ತದೆ.

ನಮ್ಮ ದೇಶದಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 7ನೇ ಕಲಂ ಪ್ರಕಾರ, ಚಿಕಿತ್ಸೆ ಕೇಳಿದರೆ ಆಸ್ಪತ್ರೆ ಕೊಡಲೇಬೇಕು. ಮೊದಲೇ ದೂರು ಕೊಟ್ಟಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಪರೀಕ್ಷೆಯ ವರದಿಯ ಪ್ರತಿಯನ್ನು ಆಕೆಗೆ ಉಚಿತವಾಗಿ ಕೊಡಬೇಕು. ಮುಂದೆ ಕೋರ್ಟಿನಲ್ಲಿ ಅದು ದೊಡ್ಡ ಆಧಾರ. ಹಾಗಾಗಿ ಯಾರು, ಯಾವುದರಿಂದ ಹೊಡೆದರು ಅಂತ ಆಕೆಯ ಮಾತಿನಲ್ಲೇ ಬರೆದುಕೊಳ್ಳುವುದು ತುಂಬಾ ಮುಖ್ಯ.

ಮುಂಬೈನ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಕಾಯ್ದೆಗಿಂತ ಮೊದಲೇ 'ದಿಲಾಸಾ' ಅನ್ನುವ ಆಪ್ತಸಮಾಲೋಚನೆ ಕೇಂದ್ರ ಶುರುವಾಗಿತ್ತು. ಈಗ ಹಿಂಸೆಗೆ ಒಳಗಾದ ಹೆಂಗಸರಿಗಾಗಿ ಸರ್ಕಾರ ತೆರೆದಿರುವ 'ಸಖಿ' ಕೇಂದ್ರಗಳಲ್ಲಿ ಚಿಕಿತ್ಸೆಗೆ ನೆರವು, ಕಾನೂನು ಸಲಹೆ, ಕೆಲವು ದಿನದ ಆಸರೆ ಸಿಗುತ್ತದೆ. ಮಹಿಳಾ ಸಹಾಯವಾಣಿ 181. ಜೀವಕ್ಕೆ ಅಪಾಯ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ.