ಅಪ್ಪ ಅಮ್ಮನನ್ನು ಸ್ಪಿಲ್‌ವಿಲ್‌ಗೆ ಕರೆದುಕೊಂಡು ಹೋಗಬಹುದಾ?

ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ್‍ಯಾಪಿಡ್ಸ್‌ನಲ್ಲಿದ್ದೀರಿ, ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಅದೇ ರಾಜ್ಯದ ಸ್ಪಿಲ್‌ವಿಲ್‌ನಲ್ಲಿ ಗಡಿಯಾರದ ಮ್ಯೂಸಿಯಂ ಬಿಟ್ಟು ಬೇರೇನಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ, ಹೋಗಿ ಬನ್ನಿ. ಆದರೆ ಮೊದಲು ಚರ್ಚು, ಆಮೇಲೆ ಗಡಿಯಾರ. ನಾನು ಉಲ್ಟಾ ಮಾಡಿ, ಚರ್ಚಿಗೆ ಹೊತ್ತೇ ಸಾಲದೆ, ಅಮ್ಮನ ಜೊತೆ ಇನ್ನೊಂದು ಸಲ ಹೋಗಬೇಕಾಯಿತು.

ಊರು ತೀರಾ ಚಿಕ್ಕದು, ಸುಮಾರು 400 ಜನ, ಪಕ್ಕದಲ್ಲೇ ಟರ್ಕಿ ನದಿ. ಸ್ಪೀಲ್‌ಮನ್ ಅನ್ನುವ ಜರ್ಮನ್ ಮನುಷ್ಯ ಶುರು ಮಾಡಿದ ಊರು, ಸ್ಪೀಲ್‌ವಿಲ್ ಆಗಬೇಕಿದ್ದ ಹೆಸರು ಬರೆಯುವಾಗ ಸ್ಪಿಲ್‌ವಿಲ್ ಆಯಿತಂತೆ. ಹಿಂದೆಯೇ ಬೊಹೆಮಿಯಾದ (ಈಗಿನ ಚೆಕ್ ದೇಶದ ಭಾಗ) ಚೆಕ್ ರೈತರು ಬಂದು ತುಂಬಿಕೊಂಡರು. ಅವರು 1860ರಲ್ಲಿ ಗುಡ್ಡದ ಮೇಲೆ ಕಟ್ಟಿದ ಸೇಂಟ್ ವೆನ್ಸೆಸ್ಲಾಸ್ ಚರ್ಚು ಅಮೆರಿಕದಲ್ಲಿ ಈಗ ಉಳಿದಿರುವ ಚೆಕ್ ಕ್ಯಾಥೊಲಿಕ್ ಚರ್ಚುಗಳಲ್ಲೇ ಹಳೆಯದು. ನಿಮ್ಮೂರಿನ ಚೆಕ್ ಮ್ಯೂಸಿಯಂ ದೊಡ್ಡದು, ಚೆನ್ನಾಗಿಯೂ ಇದೆ, ಆದರೆ ಅಲ್ಲಿ ಎಲ್ಲ ಗಾಜಿನ ಹಿಂದೆ. ಇಲ್ಲಿ ಇವತ್ತಿಗೂ ಬಲಿಪೂಜೆ, ಅಂದರೆ ಕ್ಯಾಥೊಲಿಕ್ಕರ ‘ಮಾಸ್’ ಪ್ರಾರ್ಥನೆ, ನಡೆಯುತ್ತದೆ.

ಚರ್ಚಿನ ಸುತ್ತಲ ಸಮಾಧಿಗಳನ್ನು ನಿಧಾನವಾಗಿ ನೋಡಿ. ಕಬ್ಬಿಣದ ಶಿಲುಬೆಗಳು, ಎಷ್ಟೋ ಶಿಲುಬೆ ಅದೇ ಊರಿನ ಚಾರ್ಲ್ಸ್ ಅಂಡೆರಾ ಮಾಡಿಸಿದ್ದು, ಮೇಲೆ ಬರಹ ಚೆಕ್ ಭಾಷೆಯಲ್ಲಿ. ‘ಜ್ದೆ ಒದ್ಪೊಚೀವಾ’ ಅಂತ ಓದಿದೆ, ಅಂದರೆ ‘ಇಲ್ಲಿ ಮಲಗಿದ್ದಾರೆ’. ನಮ್ಮಮ್ಮ ಬಗ್ಗಿ ನೋಡಿ, "ಇಂಗ್ಲಿಷ್ ಅಕ್ಷರಕ್ಕೆ ಇವರು ತಲೆಕಟ್ಟು ಕೊಟ್ಟಿದ್ದಾರಲ್ಲೋ" ಅಂದರು. ನಿಜ, ಚೆಕ್ ಅಕ್ಷರಗಳ ಮೇಲಿನ ಆ ಪುಟ್ಟ ಗುರುತು ಥೇಟ್ ನಮ್ಮ ತಲೆಕಟ್ಟಿನ ಹಾಗೇ!

ಇನ್ನು ಡ್ವೊರ್ಜಾಕ್. ಆಗ ನ್ಯೂಯಾರ್ಕ್‌ನ ಸಂಗೀತ ಶಾಲೆಯ ಮುಖ್ಯಸ್ಥರಾಗಿದ್ದ ಈ ಚೆಕ್ ಸಂಗೀತಗಾರ 1893ರ ಬೇಸಿಗೆಗೆ ಹೆಂಡತಿ ಮಕ್ಕಳ ಸಮೇತ ಇಲ್ಲಿಗೆ ಬಂದರು, ಯಾಕೆಂದರೆ ಅವರ ಸಹಾಯಕ ಕೊವಾರ್ಜಿಕ್ ಇದೇ ಊರಿನವರು, ಮತ್ತು ಇಲ್ಲಿ ಬೀದಿಯಲ್ಲೂ ಚೆಕ್ ಮಾತಾಡಬಹುದಿತ್ತು. ಪರದೇಶದಲ್ಲಿ ತಿಂಗಳುಗಟ್ಟಲೆ ಇದ್ದು ಒಂದು ಕನ್ನಡ ಮಾತು ಕಿವಿಗೆ ಬಿದ್ದಾಗ ಹೇಗಾಗುತ್ತೆ, ನಿಮಗೇ ಗೊತ್ತಲ್ವಾ. ಬಂದ ವಾರದಲ್ಲೇ ‘ಅಮೆರಿಕನ್’ ಕ್ವಾರ್ಟೆಟ್‌ನ (ನಾಲ್ಕು ತಂತಿವಾದ್ಯಕ್ಕೆ ಬರೆದ ಕೃತಿ) ಕರಡು ಮೂರು ದಿನದಲ್ಲಿ ಮುಗಿಸಿದರು, ಎರಡು ವಾರದೊಳಗೆ ಪೂರ್ತಿ ರೆಡಿ. ಅದರ ಮೂರನೇ ಭಾಗದಲ್ಲಿ ಇಲ್ಲಿ ಕೇಳಿದ ಒಂದು ಹಕ್ಕಿಯ ಕೂಗಿದೆ. ಚರ್ಚಿನ 1876ರ ಆರ್ಗನ್ ಅನ್ನೂ ನುಡಿಸುತ್ತಿದ್ದರು. ‘ನ್ಯೂ ವರ್ಲ್ಡ್’ ಸಿಂಫನಿ ಬರೆದಿದ್ದೂ ಇಲ್ಲೇ ಅಂತ ಕೆಲವರು ಸುಮ್ನೆ ಹೇಳುತ್ತಾರೆ, ಅದು ಮೇ ತಿಂಗಳಲ್ಲೇ ನ್ಯೂಯಾರ್ಕ್‌ನಲ್ಲಿ ಮುಗಿದಿತ್ತು.

ಅವರಿದ್ದ ಮನೆಯೇ ಈಗ ಬಿಲಿ ಗಡಿಯಾರ ಮ್ಯೂಸಿಯಂ. ಕೆಳಗೆ ಗಡಿಯಾರ, ಮಹಡಿಯಲ್ಲಿ ಡ್ವೊರ್ಜಾಕ್. ಫ್ರಾಂಕ್ ಮತ್ತು ಜೋಸೆಫ್ ಬಿಲಿ ಅಣ್ಣತಮ್ಮಂದಿರು, ರೈತರು, ಇಬ್ಬರಿಗೂ ಮದುವೆಯಿಲ್ಲ, ಚಳಿಗಾಲದಲ್ಲಿ ಹೊಲದ ಕೆಲಸ ಇಲ್ಲದಾಗ ಮರ ಕೆತ್ತಿ ಈ ಗಡಿಯಾರಗಳನ್ನು ಮಾಡುತ್ತಾ ಕೂತರು, 1913ರಿಂದ 1958ರವರೆಗೆ. ಆಳೆತ್ತರ ಮೀರಿದ ಗಡಿಯಾರಗಳೂ ಇವೆ. ಹೆನ್ರಿ ಫೋರ್ಡ್ ಒಂದಕ್ಕೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆ ಅಂದರೂ ಕೊಡಲಿಲ್ಲ ಅಂತಾರೆ.

ಚಳಿಗಾಲವಾದರೆ ಮ್ಯೂಸಿಯಂಗೆ ಫೋನ್ ಮಾಡಿಯೇ ಹೊರಡಿ. ಊಟಕ್ಕೆ ಜಾಸ್ತಿ ಆಯ್ಕೆ ಇಲ್ಲ, ಚಿತ್ರಾನ್ನ ಮೊಸರನ್ನ ಕಟ್ಟಿಕೊಳ್ಳಿ, ನದಿ ಪಕ್ಕದ ಪಾರ್ಕ್‌ನಲ್ಲಿ ಕೂತು ತಿನ್ನಬಹುದು.